ಒಂದು ಪೌಂಡ್ ಹೆಚ್ಚು

ನಾನು ಒಂದು ತೂಕದ ಯಂತ್ರ. ಅಮೆರಿಕದ ಓಹಾಯೋ ರಾಜ್ಯದ ಒಂದು ಎರಕದ ಕಾರ್ಖಾನೆಯಲ್ಲಿ ಹುಟ್ಟಿದೆ. ಕೆಳಗೆ ನಿಲ್ಲಲು ಕಬ್ಬಿಣದ ಹಲಗೆ, ಎದೆಯೆತ್ತರದಲ್ಲಿ ಅಂಕಿ ಕೊರೆದ ಹಿತ್ತಾಳೆಯ ದಂಡ, ದಂಡದ ಮೇಲೆ ಜಾರುವ ಎರಡು ಗುಂಡುಗಳು. ಇಷ್ಟೇ ನನ್ನ ಮೈ. ಹೊರಗೆ ಕಳಿಸುವ ಮೊದಲು ಒಬ್ಬ ಮುದಿ ಕೆಲಸಗಾರ ನನ್ನ ಮೇಲೆ ಹತ್ತಾರು ಸಲ ತೂಕದ ಕಲ್ಲುಗಳನ್ನಿಟ್ಟು ನೋಡಿ, "ಇದು ಸುಳ್ಳು ಹೇಳಲ್ಲ" ಎಂದ. ನನಗೆ ಹೆಮ್ಮೆಯೋ ಹೆಮ್ಮೆ. ನಿಜ ಹೇಳಿದರೆ ಸಾಕು, ಮಿಕ್ಕದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂದು ನಂಬಿದ್ದೆ. ಎಂಥ ದಡ್ಡತನ!

ಮೊದಲ ಹದಿನೆಂಟು ವರ್ಷ ಅಯೋವಾದ ಒಂದು ಸಣ್ಣ ಊರಿನಲ್ಲಿ ಡಾಕ್ಟರ್ ಎಂಗ್‌ಸ್ಟ್ರಾಮ್ ಎಂಬುವರ ದವಾಖಾನೆಯಲ್ಲಿದ್ದೆ. ಜ್ವರ ಬಿಟ್ಟ ಮಕ್ಕಳನ್ನು ತಾಯಂದಿರು ಕರೆತರುತ್ತಿದ್ದರು. ಸಣ್ಣ ಗುಂಡು ಬಲಕ್ಕೆ ಒಂದು ಗೀಟು ಸರಿದರೆ ಸಾಕು, ಆ ತಾಯಿಯ ಮುಖ ಅರಳುತ್ತಿತ್ತು. ಡಾಕ್ಟರ್ ಮಗುವಿನ ಕೆನ್ನೆ ಹಿಂಡಿ ಮಿಠಾಯಿ ಕೊಡುತ್ತಿದ್ದರು. ಮನುಷ್ಯರ ತೂಕ ಹೆಚ್ಚುವುದು ಶುಭ ಸುದ್ದಿ ಎಂದೇ ನಾನು ತಿಳಿದುಕೊಂಡೆ.

ಡಾಕ್ಟರ್ ತೀರಿಕೊಂಡ ಮೇಲೆ ದವಾಖಾನೆಯ ಸಾಮಾನು ಹರಾಜಾಯಿತು. ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ಒಂದು ವಿಮಾನ ಕಂಪನಿಯವರು ನನ್ನನ್ನು ಕಾನ್ಸಾಸ್ ಸಿಟಿಯ ನಿಲ್ದಾಣಕ್ಕೆ ಹೊತ್ತೊಯ್ದರು. ಗಗನಸಖಿಯರು ಬಟ್ಟೆ ಬದಲಿಸುವ ಕೋಣೆಯಲ್ಲಿ, ಕನ್ನಡಿಯ ಪಕ್ಕ ನಿಲ್ಲಿಸಿದರು. ನನ್ನ ನೆತ್ತಿಯ ಮೇಲಿನ ಗೋಡೆಗೆ ಒಂದು ಪಟ್ಟಿ ಅಂಟಿಸಿದರು. ಇಷ್ಟು ಎತ್ತರದ ಹೆಣ್ಣು ಇಷ್ಟೇ ತೂಗಬೇಕು ಎಂಬ ಪಟ್ಟಿ. ಗಂಡಸರಿಗೆ ಅಂಥ ಪಟ್ಟಿ ಇರಲಿಲ್ಲ.

ಕೋಣೆಯ ಯಜಮಾನಿಕೆ ಮಿಸೆಸ್ ಹಾರ್ಟ್‌ವೆಲ್ ಅವರದು. ಅವರೂ ಹಿಂದೆ ಗಗನಸಖಿಯಾಗಿದ್ದವರೇ. ಮದುವೆಯಾದದ್ದರಿಂದ ಹಾರುವ ಕೆಲಸ ಕಳೆದುಕೊಂಡು ಮೇಲ್ವಿಚಾರಕಿಯಾಗಿ ನೆಲಕ್ಕಿಳಿದಿದ್ದರು. ತಿಂಗಳ ಮೊದಲ ಸೋಮವಾರ ಹುಡುಗಿಯರೆಲ್ಲ ಸಾಲಾಗಿ ನಿಲ್ಲಬೇಕು. ಸೊಂಟ ಬಿಗಿಯುವ ಒಳಪಟ್ಟಿ ಹಾಕಿದ್ದಾರೋ ಇಲ್ಲವೋ ಎಂದು ಆಕೆ ಹಿಂದಿನಿಂದ ಬೆರಳಲ್ಲಿ ತಟ್ಟಿ ನೋಡುತ್ತಿದ್ದರು. ಸಂತೆಯಲ್ಲಿ ದನದ ಪಕ್ಕೆ ತಟ್ಟುವವರೂ ಅಷ್ಟು ನಿರ್ವಿಕಾರವಾಗಿ ತಟ್ಟಲಾರರು. ಆಮೇಲೆ ನನ್ನ ಸರದಿ.

ನಾನು ಅಲ್ಲಿ ಕಂಡದ್ದನ್ನು ಹೇಳಲು ಈಗಲೂ ಹೇಸಿಗೆಯಾಗುತ್ತದೆ. ಹಿಂದಿನ ದಿನದಿಂದ ಉಪವಾಸವಿದ್ದು ಬರುವವರು, ಭೇದಿ ಮಾತ್ರೆ ನುಂಗಿ ಹೊಟ್ಟೆ ಹಿಡಿದುಕೊಂಡು ಬರುವವರು. ಒಬ್ಬಳು ಹತ್ತುವ ಮುನ್ನ ಕಾಗದದ ಲೋಟಕ್ಕೆ ಉಗುಳುತ್ತಲೇ ಇರುತ್ತಿದ್ದಳು, ಎಂಜಲಿಗೂ ತೂಕವಿದೆಯಲ್ಲ! ಇನ್ನೊಬ್ಬಳು ತಲೆಯ ಕ್ಲಿಪ್ಪುಗಳನ್ನು ಒಂದೊಂದಾಗಿ ಕಿತ್ತಿಟ್ಟು, ಕೊನೆಗೆ ನನ್ನ ಮೇಲೆಯೇ ಕುಸಿದು ಬಿದ್ದಳು. ಅವಳನ್ನು ಎಬ್ಬಿಸಿ ನೀರು ಕೊಡುವ ಮೊದಲು ಮಿಸೆಸ್ ಹಾರ್ಟ್‌ವೆಲ್ ಅಂಕಿ ಬರೆದುಕೊಂಡರು. ಅರ್ಧ ಗಂಟೆಯ ಮೇಲೆ ಅದೇ ಹುಡುಗಿ ತುಟಿಗೆ ಬಣ್ಣ ಬಳಿದು, ಹಲ್ಲು ಕಾಣುವಂತೆ ನಕ್ಕು, ವಿಮಾನ ಹತ್ತಿದಳು. ಥೂ, ಯಾರಿಗೆ ಬೇಕಿತ್ತು ಆ ನಗು!

ಆ ಸಾಲಿನಲ್ಲಿ ವಿಲ್ಮಾ ನೊವೋಟ್ನಿ ಎಂಬ ಹುಡುಗಿಯಿದ್ದಳು. ನೆಬ್ರಾಸ್ಕಾದ ಕಸಾಯಿಖಾನೆಯ ಊರಿನವಳು, ಅಗಲ ಭುಜದವಳು. ಊರಲ್ಲಿ ಅವಳಪ್ಪ ಒಂದು ಸಂಬಂಧ ಗೊತ್ತುಮಾಡಿ ಇಟ್ಟಿದ್ದ. ಕೆಲಸ ಹೋದ ದಿನ ಅವಳು ಊರಿಗೆ ಮರಳಿ, ಮೊಳೆ, ಬಣ್ಣ ಮಾರುವ ಅಂಗಡಿಯವನೊಬ್ಬನನ್ನು ಮದುವೆಯಾಗಬೇಕು. ಗೆಳತಿ ರೂಬಿಯ ಹತ್ತಿರ ಅವಳು ಹೇಳಿಕೊಂಡದ್ದು ನನ್ನ ಎದುರಿಗೇ.

"ನಮ್ಮಪ್ಪ ಕಾಯ್ತಾನೇ ಇದಾನೆ ಕಣೆ. ನಾನು ಹಾರ್ತಾ ಇರೋವರೆಗೆ ಮಾತ್ರ ನಾನು ನನ್ನವಳು."

ಸಾವಿರದ ಒಂಬೈನೂರ ಅರವತ್ತಾರರ ಮಾರ್ಚ್‌ನಲ್ಲಿ ವಿಲ್ಮಾ ಎರಡು ಪೌಂಡ್ ಹೆಚ್ಚು ತೂಗಿದಳು. ಇಳಿಸಿಕೊಳ್ಳಲು ಎರಡು ವಾರದ ಗಡುವು ಸಿಕ್ಕಿತು. ಆ ಎರಡು ವಾರ ಅವಳು ಬೇಯಿಸಿದ ಮೊಟ್ಟೆ, ಕಪ್ಪು ಕಾಫಿ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲವಂತೆ. ಗಡುವಿನ ದಿನ ಬೆಳಿಗ್ಗೆ ಕಣ್ಣು ಮುಚ್ಚಿ ಹತ್ತಿದಳು. ದಂಡ ಸ್ವಲ್ಪ ತೂಗಾಡಿ ನಿಂತಿತು. ಒಂದು ಪೌಂಡ್ ಹೆಚ್ಚು.

ಅದೇ ಹೊತ್ತಿಗೆ ಪೈಲಟ್ ಕ್ಯಾಪ್ಟನ್ ಡರ್ಕಿನ್ ಯಾವುದೋ ಕಾಗದ ಹಿಡಿದು ಬಾಗಿಲಲ್ಲಿ ಇಣುಕಿದರು. ಬೆಲ್ಟಿನ ಮೇಲಿಂದ ಹೊಟ್ಟೆ ಇಳಿಬಿದ್ದಿತ್ತು. ಕೈಯಲ್ಲಿ ಅರ್ಧ ತಿಂದ ಡೋನಟ್. ವಿಲ್ಮಾ ಕೆಳಗಿಳಿದು ಹೇಳಿದಳು:

"ಕ್ಯಾಪ್ಟನ್, ನೀವೂ ಒಂದ್ಸಲ ಹತ್ತಿ ನೋಡಿ."

"ಯಾಕೆ ಹತ್ತಬಾರದು?" ಎಂದು ಅವರು ಬೂಟು ಸಮೇತ ಹತ್ತಿಯೇಬಿಟ್ಟರು. ದಂಡ ಮೇಲಕ್ಕೆ ಹಾರಿ ಟಣ್ಣೆಂದಿತು. ಮಿಸೆಸ್ ಹಾರ್ಟ್‌ವೆಲ್ ನಗುತ್ತಾ ಗುಂಡುಗಳನ್ನು ಸರಿಸಿದರು, ಸರಿಸಿದರು, ಸರಿಸುತ್ತಲೇ ಹೋದರು. ಇನ್ನೂರ ಮೂವತ್ತೆಂಟು ಪೌಂಡ್!

"ಎಲ್ಲಾ ನಮ್ಮನೆಯವಳ ಅಡುಗೆ ಮಹಿಮೆ" ಎಂದು ಹೊಟ್ಟೆ ಸವರಿಕೊಂಡು ಕ್ಯಾಪ್ಟನ್ ಹೊರಟರು. ಎಲ್ಲರೂ ನಕ್ಕರು. ವಿಲ್ಮಾ ನಗಲಿಲ್ಲ.

"ವಿಮಾನ ಅವರನ್ನ ಹೊರುತ್ತೆ, ನನ್ನ ಒಂದು ಪೌಂಡ್ ಹೊರಲ್ವಾ ಮಿಸೆಸ್ ಹಾರ್ಟ್‌ವೆಲ್?"

"ಪ್ರಯಾಣಿಕರು ನೋಡೋದು ಅವರನ್ನಲ್ಲ, ನಿನ್ನನ್ನ" ಎಂದರು ಆಕೆ. ವಿಲ್ಮಾಳ ಟೋಪಿಗೆ ಚುಚ್ಚಿದ್ದ, ಗಗನಸಖಿಯ ಗುರುತಾದ ರೆಕ್ಕೆಯ ಬಿಲ್ಲೆಯನ್ನು ಬಿಚ್ಚಿಕೊಡೆಂದು ಕೈ ಚಾಚಿದರು.

ನನಗೆ ನನ್ನ ಮೇಲೆಯೇ ಅಸಹ್ಯ ಹುಟ್ಟಿದ್ದು ಆ ಬೆಳಿಗ್ಗೆ. ಇಬ್ಬರ ವಿಷಯದಲ್ಲೂ ನಾನು ನಿಜವನ್ನೇ ಹೇಳಿದ್ದೆ. ಒಂದು ನಿಜ ನಗೆಚಾಟಿಕೆಯಾಯಿತು, ಇನ್ನೊಂದು ನಿಜ ಒಬ್ಬಳ ಅನ್ನ ಕಿತ್ತುಕೊಂಡಿತು. ಪ್ರಾಮಾಣಿಕ ಎಂಬ ಹೊಗಳಿಕೆ ಅಂದಿನಿಂದ ನನಗೆ ಬೈಗುಳದಂತೆ ಕೇಳಿಸುತ್ತದೆ.

ವಿಲ್ಮಾ ಊರಿಗೆ ಹೋಗಲಿಲ್ಲ. ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಾ ಕಾನ್ಸಾಸ್ ಸಿಟಿಯಲ್ಲೇ ಉಳಿದಳು, ಕಂಪನಿಯ ಮೇಲೆ ದಾವೆ ಹೂಡಿದಳು. ಹೆಣ್ಣು ಎಂಬ ಕಾರಣಕ್ಕೆ ಬೇರೆ ನಿಯಮ ಹೇರುವುದು ತಪ್ಪೆಂದು ಆಗ ದೇಶದಲ್ಲಿ ಹೊಸ ಕಾನೂನು ಬಂದಿತ್ತು. ಕಾನೂನು ಬಂದರೂ ವಿಚಾರಣೆ ಬರಲು ಆರು ವರ್ಷ ಬೇಕಾಯಿತು. ಅವಳಪ್ಪ ಕಾಗದ ಬರೆಯುವುದನ್ನೇ ನಿಲ್ಲಿಸಿದನೆಂದು ರೂಬಿಯ ಮಾತಿನಿಂದ ತಿಳಿಯಿತು.

ವಿಚಾರಣೆಯ ದಿನ ಕಂಪನಿಯ ವಕೀಲರು ನನ್ನನ್ನೂ ಕೋರ್ಟಿಗೆ ಹೊರಿಸಿಕೊಂಡು ಹೋದರು. ಸಾಕ್ಷಿ ನಾನು! ನಾನು ಸರಿಯಾಗಿ ತೂಗುತ್ತೇನೆ ಎಂಬ ಸರ್ಟಿಫಿಕೇಟನ್ನು ಎತ್ತಿ ತೋರಿಸಿದರು. ನಂತರ ಆ ತುಂಬಿದ ಸಭೆಯಲ್ಲಿ ವಿಲ್ಮಾಳಿಗೆ, "ನಂಬಿಕೆ ಇಲ್ಲದಿದ್ದರೆ ಈಗಲೇ ಹತ್ತಿ ನೋಡಬಹುದು" ಎಂದು ಹಲ್ಲು ಕಿರಿದರು. ಹಿಂದಿನ ಬೆಂಚುಗಳಲ್ಲಿ ಗಂಡಸರು ಕಿಸಕ್ಕೆಂದರು. ನಾನು ಮನುಷ್ಯನಾಗಿದ್ದರೆ ಅಲ್ಲೇ ವಾಂತಿ ಮಾಡಿಕೊಳ್ಳುತ್ತಿದ್ದೆ.

"ಹತ್ತಲ್ಲ" ಎಂದಳು ವಿಲ್ಮಾ. "ಅದು ಸುಳ್ಳು ಹೇಳುತ್ತೆ ಅಂತ ನಾನೆಲ್ಲಿ ಹೇಳಿದೆ? ಕ್ಯಾಪ್ಟನ್ ಡರ್ಕಿನ್ ತೂಕ ನಿಮ್ಮ ಯಾವ ಪುಸ್ತಕದಲ್ಲಿದೆ, ಅದನ್ನ ತೋರಿಸಿ."

ಮಿಸೆಸ್ ಹಾರ್ಟ್‌ವೆಲ್ ಪ್ರಮಾಣ ಮಾಡಿ ಕಟಕಟೆಯಲ್ಲಿ ನಿಂತರು. ಕ್ಯಾಪ್ಟನ್ ತೂಕ ನೋಡಿದ್ದು ಹೌದೇ ಎಂದು ನ್ಯಾಯಾಧೀಶರು ಕೇಳಿದರು.

"ಹೌದು. ಅದು ತಮಾಷೆಗೆ."

"ಎಷ್ಟು ಬಂತು?"

ಆಕೆ ತಮ್ಮ ಕೈಗವಸು ಹಿಂಡಿದರು. ಮರೆತುಹೋಯಿತು ಎಂದಿದ್ದರೆ ಕಂಪನಿ ಗೆಲ್ಲುತ್ತಿತ್ತೋ ಏನೋ. "ಇನ್ನೂರ ಮೂವತ್ತೆಂಟು. ಅವರನ್ನ ಕಳಿಸಿ ವಿಲ್ಮಾಳ ಬಿಲ್ಲೆ ಇಸ್ಕೊಂಡೆ" ಎಂದರು. ಈ ಸಲ ಬೆಂಚುಗಳಲ್ಲಿ ಯಾರೂ ನಗಲಿಲ್ಲ.

ತೀರ್ಪು ಬರಲು ಮತ್ತೆರಡು ವರ್ಷ ಹಿಡಿಯಿತು. ವಿಲ್ಮಾಳನ್ನು ಕೆಲಸಕ್ಕೆ ಮರಳಿ ತೆಗೆದುಕೊಳ್ಳಬೇಕು ಎಂದಾಯಿತು. ಅಷ್ಟರಲ್ಲಿ ಮದುವೆಯಾದವರನ್ನು, ವಯಸ್ಸು ಮೀರಿದವರನ್ನು ಹಾರಲು ಬಿಡದ ನಿಯಮಗಳೂ ಬಿದ್ದುಹೋಗಿದ್ದವು. ನನ್ನ ನೆತ್ತಿಯ ಮೇಲಿನ ಪಟ್ಟಿ ಕಿತ್ತು, ನನ್ನನ್ನು ಕೋಣೆಯ ಮೂಲೆಗೆ ತಳ್ಳಿದರು. ದಂಡಕ್ಕೆ ಕಿಲುಬು ಹಿಡಿಯಿತು. ಹುಡುಗಿಯರು ನನ್ನ ಮೇಲೆ ಕೋಟು ನೇತುಹಾಕತೊಡಗಿದರು. ಆದರೂ ಬಾಗಿಲು ಮುಚ್ಚಿದ ಮೇಲೆ ಕೋಟು ಸರಿಸಿ ಗುಟ್ಟಾಗಿ ಹತ್ತುವವರು ಇದ್ದೇ ಇದ್ದರು. ಯಾರೂ ಹೇಳದೆ, ಯಾರೂ ಕೇಳದೆ! ಎಲ್ಲಕ್ಕಿಂತ ಹೆಚ್ಚು ವಾಕರಿಕೆ ತರಿಸಿದ್ದು ಅದೇ. ನಿಯಮ ಗೋಡೆಯಿಂದ ಹೋಗಿತ್ತು, ಅವರ ಹೊಟ್ಟೆಯೊಳಗಿಂದ ಹೋಗಿರಲಿಲ್ಲ.

ಕೊನೆಗೂ ವಿಲ್ಮಾ ಬಂದಳು. ಈಗ ಅವಳಿಗೆ ಮೂವತ್ತಾರು. ಕಿವಿಯ ಬಳಿ ನರೆ, ಕೈ ತುಂಬ ಇಸ್ತ್ರಿ ಪೆಟ್ಟಿಗೆಯ ಸುಟ್ಟ ಗಾಯದ ಕಲೆ. ಹೊಸ ಸಮವಸ್ತ್ರ ತೊಟ್ಟಿದ್ದಳು. ಇಷ್ಟು ವರ್ಷದ ಅಭ್ಯಾಸ, ಮಿಸೆಸ್ ಹಾರ್ಟ್‌ವೆಲ್ ಅವಳನ್ನು ಕಂಡಕೂಡಲೇ ಕೋಟುಗಳನ್ನು ಎತ್ತಿ ಪಕ್ಕಕ್ಕಿಟ್ಟು, ದೊಡ್ಡ ಗುಂಡಿನ ಮೇಲೆ ಕೈಯಿಟ್ಟರು. ಇಟ್ಟ ಮೇಲೆ ತಾವೇನು ಮಾಡಿದೆವೆಂದು ಹೊಳೆಯಿತೇನೋ, ಮುಖ ಕೆಂಪಾಯಿತು.

ವಿಲ್ಮಾ ಆಕೆಯನ್ನು ನೋಡಿದಳು, ನನ್ನನ್ನು ನೋಡಿದಳು. ಚೀಲದಿಂದ ಹೊಸ ಬೂಟು ತೆಗೆದಳು. ತಿರುಗಿ ನನ್ನ ಹಲಗೆಯ ಮೇಲೆ, ಮೋಟು ಸ್ಟೂಲಿನ ಮೇಲೆ ಕೂರುವ ಹಾಗೆ, ಧೊಪ್ಪನೆ ಕೂತಳು. ದಂಡ ಎದ್ದು ಟಣ್ಣೆಂದಿತು. ಅವಳು ನಿಧಾನವಾಗಿ ಒಂದು ಕಾಲಿನ ಲೇಸು ಕಟ್ಟಿದಳು, ಆಮೇಲೆ ಇನ್ನೊಂದು ಕಾಲಿನದು. ಮಿಸೆಸ್ ಹಾರ್ಟ್‌ವೆಲ್ ಅವರ ಕೈ ಗುಂಡಿನ ಮೇಲೆಯೇ ಇತ್ತು, ಆದರೆ ಅದನ್ನು ಸರಿಸಲಿಲ್ಲ.

"ಡೆನ್ವರ್ ವಿಮಾನ ಎಷ್ಟನೇ ಗೇಟು?" ಎಂದು ವಿಲ್ಮಾ ಕೇಳಿದಳು.

"ನಾಲ್ಕು" ಎಂದರು ಆಕೆ.

ವಿಲ್ಮಾ ಎದ್ದು ಚೀಲ ಹೆಗಲಿಗೇರಿಸಿ ಹೊರಟುಹೋದಳು.