ಜಿನ್ನಿನ ವಾಚಮನ್

ಕೊಟ್ಟೂರಿನ ಹತ್ತಿಯ ಬೀಜ ತೆಗೆಯುವ ಕಾರ್ಖಾನೆ, ಜಿನ್ನು, ಮುಚ್ಚಿದ ಮರುವರ್ಷ, ಎಪ್ಪತ್ತೊಂಬತ್ತರಲ್ಲಿ, ಅಲ್ಲಿ ಕೆಲಸ ಕಳೆದುಕೊಂಡ ಹುಡುಗರು ಸೇರಿ ಒಂದು ನಾಟಕ ಕಟ್ಟಿದರು. ಬರೆದವನು ಬೆನಕಪ್ಪ, ಜಿನ್ನಿನಲ್ಲಿ ಹತ್ತಿ ತೂಗುತ್ತಿದ್ದವನು. ಜಿನ್ನು ಮತ್ತೆ ಶುರುವಾಗುತ್ತದೆ ಎಂದು ಮಾಲೀಕರು ಹೇಳುತ್ತಲೇ ಇದ್ದರು. ಅಷ್ಟರಲ್ಲಿ ಒಂದು ನಸುಕಿನಲ್ಲಿ ಯಂತ್ರಗಳು ಲಾರಿ ಏರಿ ಹೋದವು. ನಾಟಕದ ಕಡೆಯ ದೃಶ್ಯ ಅದೇ.

ಅಂದು ಲಾರಿಗೆ ಗೇಟು ತೆಗೆದವರು ವಾಚಮನ್ ಖಾಸಿಂ ಸಾಬ್. ಅವರ ಮಗ ಸಿರಾಜುದ್ದೀನ, ಅಲ್ಲೇ ಫಿಟ್ಟರ್ ಆಗಿದ್ದವನು, ತಂಡದಲ್ಲಿದ್ದ.

"ಆ ಸೀನು ತಗದುಬಿಡೋಣ ಲೇ," ಎಂದ ಬೆನಕಪ್ಪ.

"ಬ್ಯಾಡ. ಊರಿಗೆಲ್ಲ ಗೊತ್ತೈತಿ. ಬಿಟ್ರ ಬಿಟ್ಟಿದ್ದ ಎದ್ದು ಕಾಣ್ತೈತಿ. ವಾಚಮನ್ ಪಾರ್ಟು ನಾನ ಮಾಡ್ತೀನಿ," ಎಂದ ಸಿರಾಜ.

ಸಂತೆ ಮೈದಾನದಲ್ಲಿ ಆಟವಾಯಿತು. ಖಾಸಿಂ ಸಾಬ್ ಚಹಾದಂಗಡಿಯ ಪಕ್ಕ ನಿಂತು ನೋಡಿದರು. ಲಾರಿಯ ಹಾರನ್ ಕೇಳಿದಾಗ ಸಿರಾಜನ ಕೈಯಿಂದ ಬೀಗದ ಕೈ ಜಾರಿ ಬಿತ್ತು. ಅವನು ಕಣ್ಣೊರೆಸಿಕೊಂಡು ಗೇಟು ತೆಗೆದ. ಹೆಂಗಸರು ಲೊಚಗುಟ್ಟಿದರು.

ಬೆಳಿಗ್ಗೆ ಮಕ್ತುಂಬಿ ಗಂಡನಿಗೂ ಮಗನಿಗೂ ರೊಟ್ಟಿ ಹಾಕಿದಳು. ಖಾಸಿಂ ಸಾಬ್ ತುತ್ತು ಮುರಿಯುತ್ತ ಕೇಳಿದರು, "ನೀ ಯಾಕ ಅತ್ತಿ?"

"ಮಂದಿ ನಿಮ್ಮನ್ನ ಬೈಬಾರದಂತ, ಅಬ್ಬಾ."

"ನಾ ಅಳಲಿಲ್ಲ. ಲಾರಿ ಬಂತು, ತಗದೆ. ಹೋತು, ಹಾಕಿದೆ. ಆಮ್ಯಾಲ ಚಾ ಕುಡದೆ."

"ಹೋಗ್ಲಿ ಬಿಡ್ರಿ," ಎಂದಳು ಮಕ್ತುಂಬಿ. "ನಿಮ್ಮ ಸಲುವಾಗೇ ಮಾಡ್ಯಾನ."

"ನನ್ನ ಸಲುವಾಗಿ ಸುಳ್ಳು ಬ್ಯಾಡ."

ಸಿರಾಜ ಅರ್ಧ ರೊಟ್ಟಿ ಬಿಟ್ಟು ಎದ್ದ.

ಮುಂದಿನ ಆಟ ಕಾನಹೊಸಹಳ್ಳಿಯಲ್ಲಿ. ಅಲ್ಲಿ ಅವನು ಅಪ್ಪ ಹೇಳಿದಂತೆಯೇ ಮಾಡಿದ. ಗೇಟು ತೆಗೆದ, ಹಾಕಿದ, ಕೂತು ಚಹಾ ಕುಡಿದ. ಯಾರೂ ಲೊಚಗುಟ್ಟಲಿಲ್ಲ. ಜನರ ಹಿಂದಿನಿಂದ ಯಾರೋ ಎಸೆದ ಮಣ್ಣಿನ ಹೆಂಟೆಯೊಂದು ಅವನ ಹೆಗಲಿಗೆ ಬಡಿಯಿತು. ಅವನು ಚಹಾ ಮುಗಿಸಿಯೇ ಎದ್ದ.

"ಮೊದಲಿನಂಗ ಮಾಡು ಲೇ," ಎಂದ ಬೆನಕಪ್ಪ. ಸಿರಾಜ ಒಪ್ಪಲಿಲ್ಲ.

ಮನೆಗೆ ಬಂದಾಗ ಖಾಸಿಂ ಸಾಬ್ ಬಾವು ನೋಡಿದರು. ಹೇಗಾಯಿತೆಂದು ಕೇಳಿ ತಿಳಿದರು. ಆಮೇಲೆ ಎಣ್ಣೆ ಬಿಸಿ ಮಾಡಿಸಿ ತಾವೇ ತಿಕ್ಕಿದರು.

"ಇದು ನನಗ ಬೀಳಬೇಕಾಗಿತ್ತು," ಎಂದರು.

ಹಡಗಲಿಯ ಆಟಕ್ಕೆ ಅವರೂ ಬಸ್ಸು ಹತ್ತಿದರು, ಮುಂದೆಯೇ ಕೂತು ನೋಡಿದರು. ಅಲ್ಲೂ ಸಿರಾಜ ಅಳಲಿಲ್ಲ, ಆದರೆ ಯಾರೂ ಏನೂ ಎಸೆಯಲಿಲ್ಲ. ಜಿನ್ನಂತೂ ಮತ್ತೆ ತೆರೆಯಲಿಲ್ಲ. ಬೇಸಿಗೆಯ ಹೊತ್ತಿಗೆ ಬೆನಕಪ್ಪ ದಾವಣಗೆರೆಯ ಜವಳಿ ಅಂಗಡಿ ಸೇರಿದ, ಸಿರಾಜನಿಗೆ ಹಗರಿಬೊಮ್ಮನಹಳ್ಳಿಯ ಗ್ಯಾರೇಜಿನಲ್ಲಿ ಕೆಲಸ ಸಿಕ್ಕಿತು. ನಾಟಕ ಅಲ್ಲಿಗೇ ನಿಂತಿತು.