ನಾಲ್ಕು ಗಂಟೆಯ ಹೊಗಳಿಕೆ

ಶನಿವಾರದ ಪಾಠ ಎರಡರಿಂದ ನಾಲ್ಕರವರೆಗೆ. ನಾಲ್ಕಕ್ಕೆ ಸರಿಯಾಗಿ ಹದಿನೆಂಟು ಮಕ್ಕಳ ಅಮ್ಮಂದಿರ ಫೋನಿಗೂ ಒಂದೊಂದು ಹೊಗಳಿಕೆ ಹೋಗಬೇಕು. ಅದು ಚೀನಾದ ಯಿಚಾಂಗ್ ಊರಿನ ಆ ಇಂಗ್ಲಿಷ್ ತರಬೇತಿ ಕೇಂದ್ರದ ಕಟ್ಟಳೆ. ಮಗು ಇಂದು ಗಟ್ಟಿಯಾಗಿ ಓದಿತು, ಎರಡು ಸಲ ಕೈ ಎತ್ತಿತು, ಮುಂದಿನ ವಾರ ಇನ್ನೂ ಚೆನ್ನಾಗಿ ಮಾಡುತ್ತದೆ.

ಚಿಯಾವ್ ವೆನ್ ಶಿಕ್ಷಕರ ಕಾಲೇಜಿನಲ್ಲಿ ಎರಡನೆಯ ವರ್ಷ ಓದುತ್ತ, ವಾರದ ಕೊನೆಗೆ ಇಲ್ಲಿ ಅರೆಕಾಲಿಕ ಕೆಲಸ ಮಾಡುವವಳು. ಒಂದು ತರಗತಿ ಮುಗಿದೊಡನೆ ಇನ್ನೊಂದು ಒಳಗೆ ನುಗ್ಗುತ್ತಿದ್ದುದರಿಂದ ಬರೆಯಲು ಬಿಡುವಿರುತ್ತಿರಲಿಲ್ಲ. ಹಾಗಾಗಿ ಬೆಳಿಗ್ಗೆ ಬಸ್ಸಿನಲ್ಲೇ ಹದಿನೆಂಟನ್ನೂ ಬರೆದಿಟ್ಟುಕೊಂಡು, ನಾಲ್ಕಕ್ಕೆ ಕಳಿಸಿಬಿಡುತ್ತಿದ್ದಳು. ಅಲ್ಲಿನ ಎಲ್ಲ ಅರೆಕಾಲಿಕರೂ ಮಾಡುತ್ತಿದ್ದುದು ಅದನ್ನೇ.

"ಅಮ್ಮಂದಿರಿಗೆ ಬೇಕಾಗಿರೋದು ಇಂಗ್ಲಿಷ್ ಅಲ್ಲಮ್ಮ, ಈ ಮೂರು ಸಾಲು," ಎಂದು ಕೇಂದ್ರದ ಮುಖ್ಯಸ್ಥೆ ತಾಂಗ್ ಮೇಡಂ ಮೊದಲ ದಿನವೇ ನಕ್ಕಿದ್ದರು. "ಮಗು ನಿದ್ದೆ ಮಾಡಿದ್ರೆ, ಕಣ್ಮುಚ್ಚಿ ಮನಸಿಟ್ಟು ಕೇಳ್ತು ಅಂತ ಬರಿ."

ಡಿಸೆಂಬರಿನ ಆ ಶನಿವಾರ, ಮಕ್ಕಳನ್ನು ಹೊಸದಾಗಿ ಸೇರಿಸಲು ಬಂದಿದ್ದವರು ತರಗತಿಯ ಹಿಂದೆ ಕೂತು ಪಾಠ ನೋಡುತ್ತಿದ್ದರು. ಅವರೆದುರು ಹಾಜರಿ ಕರೆಯುತ್ತ ಹೊತ್ತು ಕಳೆಯಬೇಡ ಎಂದು ಮೇಡಂ ಹೇಳಿದ್ದರು. ಕಿಟಕಿ ಪಕ್ಕ, ಕೇಂದ್ರದಲ್ಲಿ ಪೆಗ್ಗಿ ಎಂದು ಇಂಗ್ಲಿಷ್ ಹೆಸರಿಟ್ಟಿದ್ದ ಹುಡುಗಿ ಕೂರುವ ಕುರ್ಚಿಯ ಮೇಲೆ, ಹಾಗೆ ಬಂದವರಲ್ಲಿ ಯಾರದೋ ಕೋಟು, ಚೀಲ ಇದ್ದವು. ಚಿಯಾವ್ ವೆನ್ ನೋಡಿದಳು. ನೋಡಿಯೂ ಮನಸ್ಸಿಗೆ ತಂದುಕೊಳ್ಳಲಿಲ್ಲ. ನಾಲ್ಕಕ್ಕೆ ಹದಿನೆಂಟೂ ಹೋದವು.

ಆರು ಗಂಟೆಗೆ ಪೆಗ್ಗಿಯ ಅಮ್ಮ ಬಂದಳು. ಹಿಂದಿನ ಬೀದಿಯಲ್ಲಿ ಶಾವಿಗೆ ಅಂಗಡಿ ನಡೆಸುವವಳು. ಏಪ್ರನ್ ಕೂಡ ಬಿಚ್ಚಿರಲಿಲ್ಲ.

"ಚಿಯಾವ್ ಟೀಚರ್, ಇನ್ನೂ ಕೂರಿಸ್ಕೊಂಡಿದೀರಾ ಅವಳನ್ನ? ಚೆನ್ನಾಗಿ ಓದಿದ್ಲು ಅಂತ ಬರೆದಿದ್ರಲ್ಲ, ಖುಷಿಗೆ ಇನ್ನಷ್ಟು ಓದಿಸ್ತಿದಾರೆ ಅಂದ್ಕೊಂಡೆ. ಅಂಗಡೀಲಿ ಜನ ಬೇರೆ."

ಚಿಯಾವ್ ವೆನ್ ಬಾಯಿ ತೆರೆಯುವ ಮೊದಲೇ ತಾಂಗ್ ಮೇಡಂ ಮುಂದೆ ಬಂದರು. "ನಾಲ್ಕಕ್ಕೇ ಹೊರಟ್ಲಲ್ಲ, ಪೆಗ್ಗಿ ಅಮ್ಮ! ಯಾರಾದ್ರೂ ಗೆಳತಿ ಮನೇಲಿ ಆಟಕ್ಕೆ ಕೂತಿರ್ತಾಳೆ." ಆಮೇಲೆ ಚಿಯಾವ್ ವೆನ್‌ಳ ತೋಳು ಹಿಡಿದು ಜೆರಾಕ್ಸ್ ಕೋಣೆಗೆ ಕರೆದೊಯ್ದು ಬಾಗಿಲು ಮುಚ್ಚಿದರು.

"ಹಾಜರಿ ಪುಸ್ತಕದಲ್ಲಿ ಗುರುತು ಹಾಕು," ಎಂದು ಪೆನ್ನು ಕೈಗಿಟ್ಟರು.

"ಅವಳು ಬಂದೇ ಇಲ್ಲ, ಮೇಡಂ."

"ಬರದೇ ಇದ್ರೆ ನೀನು ಹೊಗಳಿದ್ದು ಯಾರನ್ನ, ಕುರ್ಚೀನಾ? ನಾಳೆ ಹದಿನೆಂಟು ಅಮ್ಮಂದಿರೂ ಬಾಗಿಲಲ್ಲಿ ನಿಂತಿರ್ತಾರೆ. ಈ ಊರಲ್ಲಿ ಯಾವ ಸೆಂಟರೂ ನಿನ್ನ ಒಳಗೆ ಸೇರಿಸಲ್ಲ. ಕಾಣೆಯಾಗಿದ್ದು ಎರಡಕ್ಕೋ ನಾಲ್ಕಕ್ಕೋ, ಎರಡು ಗಂಟೆ ಹಿಂದೆಮುಂದೆ, ಅಷ್ಟೇ ತಾನೆ? ಹುಡುಗಿ ಸಿಗ್ತಾಳೆ ಬಿಡು."

ಹೊರಗಿನಿಂದ ಪೆಗ್ಗಿಯ ಅಮ್ಮ ಫೋನಿನಲ್ಲಿ ಕೂಗುವುದು ಕೇಳುತ್ತಿತ್ತು. "ನಾಲ್ಕರವರೆಗೆ ಇಲ್ಲೇ ಇದ್ಲಂತೆ! ದೂರ ಹೋಗಿರಲ್ಲ, ಮಾರ್ಕೆಟ್ ಕಡೆ ನೋಡಿ, ಹೊಳೆ ಹತ್ರ ನೋಡಿ!"

ಇಲ್ಲದ ಕಡೆಯೆಲ್ಲ ಹುಡುಕುತ್ತಾರೆ, ನನ್ನ ಮೂರು ಸಾಲನ್ನು ನಂಬಿಕೊಂಡು. ಚಿಯಾವ್ ವೆನ್ ಪೆನ್ನು ಕೆಳಗಿಟ್ಟು ಹೊರಗೆ ಬಂದಳು.

"ಪೆಗ್ಗಿ ಅಮ್ಮ, ಅವಳು ಇವತ್ತು ಬರಲೇ ಇಲ್ಲ."

ಆಕೆ ಫೋನನ್ನು ಎತ್ತಿ ತೋರಿಸಿದಳು. "ಮತ್ತೆ ಇದು?"

"ಬೆಳಿಗ್ಗೆ ಬಸ್ಸಲ್ಲಿ ಬರೆದದ್ದು. ನೋಡದೇ ಕಳಿಸಿದೆ. ತಪ್ಪು ನಂದು."

ಆಕೆ ಕೂಗಾಡಲಿಲ್ಲ. ತುಟಿ ಮಾತ್ರ ಅಲುಗಿತು. "ಒಂದೂವರೆಗೆ ಮನೆ ಬಿಟ್ಲು... ಎರಡಕ್ಕೆ ಝಿಗುಯಿ ಬಸ್ಸಿದೆ." ಒಂದು ಗಂಟೆ ದೂರದ ಝಿಗುಯಿ, ಪೆಗ್ಗಿಯನ್ನು ಏಳು ವರ್ಷ ಸಾಕಿದ ಅಜ್ಜಿಯ ಊರು. ಅಜ್ಜಿ ಮೊಮ್ಮಗಳನ್ನು ಆಗಸ್ಟ್‌ನಲ್ಲಿ ಪಟ್ಟಣಕ್ಕೆ ಕಳಿಸಿ, ಅಕ್ಟೋಬರಿನಲ್ಲಿ ತೀರಿಕೊಂಡಿದ್ದಳು. ಪೆಗ್ಗಿಯ ಅಮ್ಮ ಝಿಗುಯಿಯಲ್ಲಿದ್ದ ತನ್ನ ತಮ್ಮನಿಗೆ ಫೋನ್ ಮಾಡಿದಳು.

ಇಪ್ಪತ್ತು ನಿಮಿಷ ಕಾದರು. ಆಮೇಲೆ ಫೋನ್ ಬಂತು. ಬಸ್ ನಿಲ್ದಾಣದಲ್ಲಿ ಅಜ್ಜಿ ಕಿತ್ತಳೆ ಮಾರುತ್ತಿದ್ದ ಜಾಗದಲ್ಲಿ ಹುಡುಗಿ ಕೂತಿದ್ದಾಳೆ. ಕೈಕಾಲು ಮಂಜುಗಡ್ಡೆಯಾಗಿದೆ, ಬೇರೇನೂ ಆಗಿಲ್ಲ.

ಪೆಗ್ಗಿಯ ಅಮ್ಮ ಮಕ್ಕಳ ಪುಟ್ಟ ಕುರ್ಚಿಯೊಂದರ ಮೇಲೆ ಕುಸಿದು ಕೂತಳು. ಎಷ್ಟೋ ಹೊತ್ತು ಮುಖ ಮುಚ್ಚಿಕೊಂಡಿದ್ದವಳು, ಆಮೇಲೆ ಫೋನಿನಲ್ಲಿ ಹಳೆಯ ಶನಿವಾರಗಳನ್ನು ಒಂದೊಂದಾಗಿ ಮೇಲೆ ಸರಿಸತೊಡಗಿದಳು.

"ಇವೂ ಬಸ್ಸಲ್ಲಿ ಬರೆದದ್ದೇನಾ?"

"ಹೌದು."

"ಅಂಗಡಿಗೆ ಬಂದೋರಿಗೆಲ್ಲ ಓದಿ ಹೇಳ್ತಿದ್ದೆ."

ತಾಂಗ್ ಮೇಡಂ ನಡುವೆ ಬಾಯಿ ಹಾಕಿದರು. "ಈ ಹುಡುಗಿ ನಾಳೆಯಿಂದ ಇಲ್ಲಿರಲ್ಲ, ಪೆಗ್ಗಿ ಅಮ್ಮ. ನೀವು ಸಮಾಧಾನ..."

"ಇವಳ ಹತ್ರ ಮಾತಾಡ್ತಿದೀನಿ," ಎಂದಳು ಆಕೆ, ಅತ್ತ ತಿರುಗದೆ. "ನಿಜ ಹೇಳು. ಇಲ್ಲಿ ಹೇಗಿರ್ತಾಳೆ ಅವಳು?"

"ಬಾಯಿ ಬಿಡಲ್ಲ. ಒಂದು ದಿನವೂ ಕೈ ಎತ್ತಿಲ್ಲ. ಏನಾದ್ರೂ ಕೇಳಿದ್ರೆ ತನ್ನ ಹೆಬ್ಬೆರಳನ್ನೇ ಗಟ್ಟಿಯಾಗಿ ಹಿಡ್ಕೊತಾಳೆ. ಒಂದ್ಸಲ ಹೊಟ್ಟೆನೋವು ಅಂತ ಅತ್ಲು. ಎಲ್ಲಿ ಅಂದ್ರೆ ತೋರಿಸಲಿಲ್ಲ."

"ಯಾವಾಗ?"

"ಅಕ್ಟೋಬರಲ್ಲಿ. ಅವತ್ತೂ ನಾನು, ನಗ್‌ನಗ್ತಾ ಓದಿದ್ಲು ಅಂತಲೇ ಬರೆದಿದ್ದೆ."

ಪೆಗ್ಗಿಯ ಅಮ್ಮ ಫೋನನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಪಕ್ಕದ ಕುರ್ಚಿಯನ್ನು ಚಿಯಾವ್ ವೆನ್‌ಳತ್ತ ಸರಿಸಿದಳು.

"ಕೂತ್ಕೊ. ತಮ್ಮ ಅವಳನ್ನ ಕರ್ಕೊಂಡು ಬರೋಕೆ ಇನ್ನೂ ಒಂದು ಗಂಟೆ ಬೇಕು. ಏನನ್ನೂ ಬಿಡಬೇಡ."

ಚಿಯಾವ್ ವೆನ್ ಕೂತು, ಸೆಪ್ಟೆಂಬರಿನ ಮೊದಲ ಶನಿವಾರದಿಂದ ಶುರು ಮಾಡಿದಳು.