ಮುಕ್ತಾಯನ ಓದು

ಆ ಆಸ್ಪತ್ರೆಯಲ್ಲಿ ಮುಕ್ತಾಯನಷ್ಟು ಪುಸ್ತಕ ಓದಿದವನು ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಇಲ್ಲ, ಬೇಕಾದರೆ ಬರೆದಿಟ್ಟುಕೊಳ್ಳಿ. ಮೂರನೇ ಮಹಡಿಯ ಗಂಡಸರ ವಾರ್ಡಿನಲ್ಲಿ ಅವನದು ತಳ್ಳುವ ಕೆಲಸ. ಬೆಳಿಗ್ಗೆ ರೋಗಿಗಳನ್ನು ತಳ್ಳುತ್ತಿದ್ದ, ಮಧ್ಯಾಹ್ನ ನಾಲ್ಕಕ್ಕೆ ಪುಸ್ತಕದ ಗಾಡಿ ತಳ್ಳುತ್ತಿದ್ದ. ಆ ಗಾಡಿಯ ಒಂದು ಚಕ್ರ ಎಷ್ಟು ಕಿರುಚುತ್ತಿತ್ತೆಂದರೆ, ಅರಿವಳಿಕೆ ಕೊಟ್ಟು ಮಲಗಿಸಿದವರೂ ಎದ್ದು ಕೂತು, ಹೊಸದೇನು ಬಂದಿದೆ ಎಂದು ವಿಚಾರಿಸುತ್ತಿದ್ದರು.

ಅವನು ಓದುತ್ತಿದ್ದದ್ದು ಹಿಂದಿನಿಂದ. ಆಸ್ಪತ್ರೆಯ ಪುಸ್ತಕಗಳ ಮೊದಲ ನೂರು ಪುಟಗಳಲ್ಲಿ ಕೆಮ್ಮಿನ ಔಷಧ, ಮುಲಾಮು, ಬ್ರೆಡ್ಡಿನ ಚೂರು, ಹೇಳಬಾರದ ಇನ್ನೂ ಏನೇನೋ ಅಂಟಿರುತ್ತಿದ್ದವು. ಅಷ್ಟರೊಳಗೆ ಓದುಗ ಮನೆಗೋ ಮತ್ತೆಲ್ಲಿಗೋ ಹೋಗಿಬಿಡುತ್ತಿದ್ದ. ಹಾಗಾಗಿ ಕೊನೆಯ ಪುಟಗಳು ಮಾತ್ರ ಈಗಷ್ಟೇ ಅಂಗಡಿಯಿಂದ ತಂದಂತೆ ಗರಿಗರಿ. ಬಟ್ಟೆ ಕೋಣೆಯಲ್ಲಿ ಹಾಸಿಗೆ ಚಾದರಗಳ ರಾಶಿಗೆ ಒರಗಿ ಅವನು ಅವನ್ನಷ್ಟೇ ಓದಿ, ಇಪ್ಪತ್ತೆರಡು ಮಂಚಗಳಿಗೂ ತೀರ್ಪು ಹಂಚುತ್ತಿದ್ದ. ಮುಕ್ತಾಯ ಎಂಬ ಹೆಸರು ಬಿದ್ದದ್ದೂ ಹಾಗೆಯೇ. ತಾಯಿ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಧೂಳು ತಿನ್ನುತ್ತಿತ್ತು.

"ಇದಾ? ನಾನೂರು ಪುಟ ಹುಡುಗ ಯೋಚನೆ ಮಾಡ್ತಾನೆ. ಕೊನೆಗೆ ಹುಡುಗಿ ಇನ್ನೊಬ್ಬನ ಜೊತೆ ಹೋಗ್ತಾಳೆ. ನಾನಾಗಿದ್ರೂ ಹೋಗ್ತಿದ್ದೆ," ಎನ್ನುತ್ತಿದ್ದ. "ಇದರಲ್ಲಿ ಕೊಂದಿದ್ದು ಡಾಕ್ಟರು. ನಿಮ್ಮ ಡಾಕ್ಟರನ್ನ ನೋಡಿದ ಮೇಲೂ ನಿಮಗೆ ಅನುಮಾನ ಬರಲಿಲ್ವಾ?"

ವಾರ್ಡು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಹೊಲಿಗೆ ಬಿದ್ದವರಂತೂ ಹಿಡಿದುಕೊಳ್ಳದೆ ನಗುವಂತೆಯೇ ಇರಲಿಲ್ಲ. ಆ ನಗುವಿಲ್ಲದಿದ್ದರೆ ಮುಕ್ತಾಯನಿಗೆ ಊಟ ಸೇರದು. ಮನೆಯಲ್ಲಿ ಅವನು ಬಾಯಿ ತೆರೆದರೆ ಹೆಂಡತಿ ಟಿ.ವಿ. ಸದ್ದು ಏರಿಸುತ್ತಿದ್ದಳು, ಅತ್ತೆ ಸಾಲದೆಂದು ಇನ್ನಷ್ಟು ಏರಿಸುತ್ತಿದ್ದಳು. ಇಡೀ ಭೂಮಂಡಲದಲ್ಲಿ ಅವನ ಮಾತಿಗೆ ಕಿವಿ ಇದ್ದದ್ದು ಈ ಇಪ್ಪತ್ತೆರಡು ಮಂಚಗಳಲ್ಲಿ ಮಾತ್ರ.

ಅಂಥದ್ದರಲ್ಲಿ ಒಂಬತ್ತನೇ ಮಂಚಕ್ಕೆ ಗಡಿಯಾರದಜ್ಜ ಬಂದ. ಐವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದವನು. ಪುಟ ತಿರುಗಿಸುವಾಗಲೂ ಒಳಗಿನ ಸ್ಪ್ರಿಂಗ್ ಹಾರಿಹೋದೀತೆಂಬಂತೆ ಎರಡು ಬೆರಳಲ್ಲಿ ಹಿಡಿಯುತ್ತಿದ್ದ. ಗಾಡಿಯಿಂದ ದಪ್ಪನೆಯ ಕಾದಂಬರಿಯೊಂದನ್ನು ಎತ್ತಿಕೊಂಡ. ಅಣ್ಣ ಬರುತ್ತಾನೆಂದು ರೈಲು ನಿಲ್ದಾಣದಲ್ಲಿ ಕಾಯುತ್ತ ಕೂತ ತಂಗಿಯ ಕತೆ.

"ಇದರ ಕೊನೆ ಗೊತ್ತಾ ಅಜ್ಜ," ಎಂದು ಮುಕ್ತಾಯ ಶುರು ಮಾಡಿದ.

ಅಜ್ಜ ಎರಡೂ ಕಿವಿಗೆ ಬೆರಳು ತುರುಕಿಕೊಂಡ. "ಬೇಡಪ್ಪ. ಗುರುವಾರ ನನ್ನ ಎದೆ ಕೊಯ್ತಾರೆ. ಅಷ್ಟರೊಳಗೆ ನಾನೇ ಓದಿ ಮುಗಿಸ್ಬೇಕು. ಮುಂದಕ್ಕೆ ಓದೋಕೆ ಆಗುತ್ತೋ ಇಲ್ವೋ."

ಓದಿ ಸುಮ್ಮನಿದ್ದರೆ ಮುಕ್ತಾಯ ಕ್ಷಮಿಸುತ್ತಿದ್ದನೇನೋ. ಅಜ್ಜ ದಿನವೂ ಸಂಜೆ ಪಕ್ಕದ ಮಂಚಕ್ಕೆ ಅಂದಿನ ಓದನ್ನು ಹೇಳತೊಡಗಿದ. "ಇವತ್ತು ಏನೂ ಆಗಲಿಲ್ಲ. ಒದ್ದೆ ಕೊಡೆ ಒಣಗಿಸಿದ್ಲು, ಅಷ್ಟೆ. ಆದ್ರೆ ಹೇಗೆ ಒಣಗಿಸಿದ್ಲು ಅಂತೀಯಾ..." ಎರಡನೆಯ ದಿನ ಅತ್ತಲಿನ ಮಂಚ ಕಿವಿಗೊಟ್ಟಿತು. ನಾಲ್ಕನೆಯ ದಿನಕ್ಕೆ ಇಪ್ಪತ್ತೊಂದು ತಲೆಗಳು ಒಂದೇ ದಿಕ್ಕಿಗೆ ತಿರುಗಿದವು. ಕುತ್ತಿಗೆಗೆ ಪಟ್ಟಿ ಹಾಕಿದವನು ಕನ್ನಡಿ ಹಿಡಿದು ತಿರುಗಿದ. ಮುಕ್ತಾಯ ಮೂರು ಹೊಸ ಕೊಲೆಗಳ ಗುಟ್ಟು ಒಟ್ಟಿಗೇ ಬಿಚ್ಚಿದ.

"ಶ್, ಮೆಲ್ಲಗೆ," ಎಂದ ಹದಿನಾಲ್ಕನೇ ಮಂಚದವನು. "ಅಜ್ಜ ಹೇಳ್ತಿದ್ದಾರೆ. ನೀನು ಈ ಬೆಡ್‌ಪ್ಯಾನ್ ತಗೊಂಡು ಹೋಗು ಮಾರಾಯ."

ಎಲ್ಲರೂ ನಕ್ಕರು. ಆ ವಾರ್ಡಿನಲ್ಲಿ ಅಷ್ಟು ದೊಡ್ಡ ನಗು ಮುಕ್ತಾಯ ಎಂದೂ ಗಳಿಸಿರಲಿಲ್ಲ, ಈಗ ಗಳಿಸಿದ.

ಮಂಗಳವಾರ ಅಜ್ಜನನ್ನು ಎಕ್ಸ್‌ರೇಗೆ ಬಿಟ್ಟುಬಂದವನೇ ದಿಂಬಿನಡಿಯಿಂದ ಪುಸ್ತಕ ಎಳೆದು, ಕೊನೆಯ ಐದು ಹಾಳೆಗಳನ್ನು ಹೊಲಿಗೆಯ ಬುಡದವರೆಗೆ ಹರಿದು ಅಂಗಿಯೊಳಗೆ ಸೇರಿಸಿದ. ಮುದುಕ ಹುಡುಕಲಿ. ಗುರುವಾರ ಹತ್ತಿರವಾಗಲಿ. ಕೊನೆಗೆ ಬೆವರುತ್ತ, ಏನಾಯ್ತು ಹೇಳಪ್ಪ ಎಂದು ವಾರ್ಡಿನೆದುರು ಕೈ ಮುಗಿಯಲಿ.

ಬುಧವಾರ ಮಧ್ಯಾಹ್ನ ಅಜ್ಜ ಪುಸ್ತಕ ಮುಚ್ಚಿ ಕನ್ನಡಕ ತೆಗೆದ. "ರೈಲು ಬಂತು. ಅವಳು ಎದ್ದು ನಿಂತಳು. ಅಷ್ಟೇ, ಅಲ್ಲಿಗೇ ನಿಲ್ಲಿಸಿಬಿಟ್ಟಿದ್ದಾನೆ ಪುಣ್ಯಾತ್ಮ. ಎಂಥ ಧೈರ್ಯ ಬೇಕು ನೋಡು."

ವಾರ್ಡು ಎರಡು ಹೋಳಾಯಿತು. ಅಣ್ಣ ಇಳಿದ ಎಂದು ಹತ್ತು ಮಂಚ, ಇಳಿಯಲಿಲ್ಲ ಎಂದು ಹನ್ನೊಂದು ಮಂಚ. ಇಪ್ಪತ್ತು ವರ್ಷದಿಂದ ತಮ್ಮನ ಜೊತೆ ಮಾತು ಬಿಟ್ಟಿದ್ದ ರೋಗಿಯೊಬ್ಬ ನರ್ಸಿನ ಫೋನು ಬೇಡಿ ಅವನಿಗೆ ಕರೆ ಮಾಡಿದ. ಮುಕ್ತಾಯ ಗಾಡಿಯ ಹಿಡಿಕೆ ಹಿಡಿದು ನಡುವೆ ನಿಂತಿದ್ದ. ಅವನು ನಿಂತಿದ್ದಾನೆಂದು ಯಾರಿಗೂ ತಿಳಿಯಲಿಲ್ಲ. ಅಂಗಿಯೊಳಗೆ ಐದು ಹಾಳೆಗಳು ಚರ್ಮ ಕೆರೆಯುತ್ತಿದ್ದವು.

ಗುರುವಾರ ಬೆಳಿಗ್ಗೆ ಅಜ್ಜನನ್ನು ಸ್ಟ್ರೆಚರಿಗೆ ಮಲಗಿಸಿ, ಪಟ್ಟಿ ಬಿಗಿದು, ಲಿಫ್ಟಿನೊಳಗೆ ತಳ್ಳಿದ. ಒಳಗೆ ಇಬ್ಬರೇ. ಅಜ್ಜನ ಎರಡೂ ಕೈ ಪಟ್ಟಿಯ ಅಡಿಯಲ್ಲಿದ್ದವು. ಈ ಸಲ ಕಿವಿಗೆ ಬೆರಳು ಬರುವಂತಿರಲಿಲ್ಲ. ಮುಕ್ತಾಯ ಹಾಳೆ ಬಿಡಿಸಿ, ಕೊನೆಯ ಪುಟವನ್ನು ನಿಧಾನವಾಗಿ, ಒಂದೊಂದು ಪದವನ್ನೂ ಬಿಡಿಸಿ ಓದಿದ. ಅಣ್ಣ ಇಳಿದ. ಮನೆ ಬರೆದುಕೊಡುವ ಪತ್ರಕ್ಕೆ ತಂಗಿಯ ಸಹಿ ಹಾಕಿಸಿಕೊಂಡ. ಹೇಗಿದ್ದೀಯಾ ಎಂದು ಕೇಳದೆ ಅದೇ ರೈಲು ಹತ್ತಿದ.

"ನೀನು ಕಟ್ಟಿ ಹೇಳ್ತಿದ್ದೀಯಾ," ಎಂದ ಅಜ್ಜ.

ಮುಕ್ತಾಯ ಹಾಳೆಯನ್ನು ಅವನ ಮೂಗಿನ ಮೇಲೆ ಹಿಡಿದ. "ನಾನು ಕೊನೆ ವಿಷಯದಲ್ಲಿ ಯಾವತ್ತೂ ಸುಳ್ಳು ಹೇಳಿಲ್ಲ. ಅಚ್ಚಾಗಿದೆ, ನೋಡ್ಕೊಳ್ಳಿ."

ಅಜ್ಜನ ಕಣ್ಣುಗಳು ಸಾಲಿಂದ ಸಾಲಿಗೆ ಇಳಿದವು. "ಆಮೇಲೆ ಅವಳು?"

"ಮನೆಗೆ ಹೋದ್ಲು. ಆ ಮನೆ ಇನ್ನೆಷ್ಟು ದಿನ ಅವಳದು, ನೀವೇ ಲೆಕ್ಕ ಹಾಕಿ."

ಲಿಫ್ಟಿನ ಬಾಗಿಲು ತೆರೆಯಿತು. ಹಸಿರು ಅಂಗಿಯವರು ಬಂದು ಸ್ಟ್ರೆಚರನ್ನು ಎಳೆದುಕೊಂಡರು.

ಅಜ್ಜ ಸಾಯಲಿಲ್ಲ. ಐದನೆಯ ದಿನ, ಅರ್ಧ ತೂಕಕ್ಕೆ ಇಳಿದು, ಒಂಬತ್ತನೇ ಮಂಚಕ್ಕೆ ವಾಪಸ್ ಬಂದ. ಹತ್ತರ ಪಕ್ಷವೂ ಹನ್ನೊಂದರ ಪಕ್ಷವೂ ಕಾದಿದ್ದವು.

"ಅಜ್ಜ, ತೀರ್ಮಾನ ಹೇಳಿ. ಅಣ್ಣ ಇಳಿದ್ನಾ?" ಎಂದ ಹದಿನಾಲ್ಕನೆಯವನು.

"ಇಳಿದ. ಸಹಿ ಹಾಕಿಸ್ಕೊಂಡು ಹೋದ."

"ಯಾರು ಹೇಳಿದ್ದು?"

"ಪುಸ್ತಕದಲ್ಲೇ ಇತ್ತು. ನಾನು ಪೂರ್ತಿ ಓದಿರಲಿಲ್ಲ," ಎಂದು ಅಜ್ಜ ಗೋಡೆಗೆ ಮುಖ ಮಾಡಿದ. ತಮ್ಮನಿಗೆ ಫೋನು ಮಾಡಿದ್ದವನು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡ.

ನಾಲ್ಕು ಗಂಟೆಗೆ ಚಕ್ರ ಕಿರುಚಿತು. ಒಂಬತ್ತನೇ ಮಂಚದ ಬಳಿ ಮುಕ್ತಾಯ ಮೂರು ಪುಸ್ತಕಗಳನ್ನು ಬೀಸಣಿಗೆಯಂತೆ ಹರಡಿ ಹಿಡಿದ. ಅಜ್ಜ ಕೈ ಚಾಚಲಿಲ್ಲ.

"ಪುಸ್ತಕ ಬೇಡ. ಕೊನೆ ಏನು ಅಂತ ಹೇಳಿಬಿಡು."

ಮುಕ್ತಾಯ ಗಂಟಲು ಸರಿಮಾಡಿಕೊಂಡ. ಮೊದಲನೆಯದರಲ್ಲಿ ಮಗು ಬಾವಿಗೆ ಬೀಳುತ್ತದೆ ಎಂದ. ಇಪ್ಪತ್ತೊಂದು ತಲೆಗಳು ಒಂದೊಂದಾಗಿ ಅವನ ಕಡೆ ತಿರುಗಿದವು. ಆ ದಿನ ಅವನ ಧ್ವನಿ ಎಷ್ಟು ಇಂಪಾಗಿತ್ತೆಂದರೆ, ಕೆಳಗಿನ ಎರಡು ಮಹಡಿಯವರೂ ಚಹಾದ ಲೋಟ ಬಿಟ್ಟು ಕೇಳಿದರಂತೆ.

"ಸರಿ," ಎಂದ ಅಜ್ಜ, ಕಣ್ಣು ಗೋಡೆಯ ಮೇಲೇ ಇಟ್ಟು. "ಇನ್ನೊಂದು."